ದನಿ ಮತ್ತು ಗಡ್ಡ: ಟ್ರಾನ್ಸ್ ಮಹಿಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಪರಿವರ್ತನೆಯ ಹಾದಿ ಹಿಡಿದ ಟ್ರಾನ್ಸ್ ಮಹಿಳೆಯರನ್ನು ಬಹುಕಾಲ ಕಾಡುವ ಸಂಗತಿಗಳು ಎರಡು. ಉಡುಪನ್ನು ಒಂದೇ ದಿನದಲ್ಲಿ ಬದಲಿಸಬಹುದು, ತಲೆಗೂದಲನ್ನು ಬಿಡಬಹುದು. ದನಿ ಮತ್ತು ಗಡ್ಡ ಮಾತ್ರ ತಮ್ಮದೇ ಗತಿಯಲ್ಲಿ ನಡೆಯುತ್ತವೆ. ಅವುಗಳ ಬಗ್ಗೆ ಹರಿದಾಡುವ ಅರ್ಧಂಬರ್ಧ ಮಾಹಿತಿಯಿಂದ ಹಣವೂ ಕಾಲವೂ ಪೋಲಾಗುತ್ತವೆ, ಕೆಲವೊಮ್ಮೆ ಚರ್ಮಕ್ಕೂ ಗಂಟಲಿಗೂ ಪೆಟ್ಟಾಗುತ್ತದೆ. ಅದು ತಪ್ಪಲಿ ಎಂಬ ಕಾಳಜಿಯಿಂದ ಈ ಉತ್ತರಗಳನ್ನು ಬರೆದಿದ್ದೇನೆ.

ಹಾರ್ಮೋನು ತೆಗೆದುಕೊಂಡರೆ ದನಿ ತೆಳುವಾಗುವುದಿಲ್ಲವೇ? ಗಡ್ಡ ತಾನಾಗಿ ಹೋಗುವುದಿಲ್ಲವೇ?

ಎರಡೂ ಆಗುವುದಿಲ್ಲ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಪ್ರಭಾವದಿಂದ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಒಮ್ಮೆ ಬೆಳೆದ ಮೃದ್ವಸ್ಥಿಯನ್ನು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಹಿಂದಕ್ಕೆ ಕುಗ್ಗಿಸಲಾರದು. ಗಡ್ಡದ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ಟೆಸ್ಟೋಸ್ಟೆರಾನ್ ಇಳಿದ ಮೇಲೆ ಎದೆ, ಹೊಟ್ಟೆ, ತೋಳುಗಳ ಕೂದಲು ತಿಂಗಳುಗಳಲ್ಲಿ ನಯವಾಗುತ್ತದೆ. ಗಡ್ಡದ ಕೂದಲು ಸ್ವಲ್ಪ ನಿಧಾನವಾಗಿ, ಸ್ವಲ್ಪ ತೆಳ್ಳಗೆ ಬೆಳೆಯಬಹುದು, ಆದರೆ ಗಟ್ಟಿ ಕೂದಲು ಕೊಡಲು ಕಲಿತ ಬುಡ ಅದನ್ನು ಮರೆಯುವುದಿಲ್ಲ. ಹರೆಯದ ಆರಂಭದಲ್ಲೇ ಆ ಬೆಳವಣಿಗೆಯನ್ನು ತಡೆದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಹಾಗಾದರೆ ಮೊದಲು ಯಾವುದನ್ನು ಶುರು ಮಾಡಲಿ?

ಗಡ್ಡವನ್ನು. ಮನಸ್ಸು ಗಟ್ಟಿಯಾದ ದಿನವೇ ಶುರು ಮಾಡಿ, ಹಾರ್ಮೋನಿಗಾಗಿ ಕಾಯಬೇಡಿ. ಈ ಕೆಲಸಕ್ಕೆ ವರ್ಷಗಳೇ ಹಿಡಿಯುವುದರಿಂದ ತಡ ಮಾಡಿದಷ್ಟೂ ಕೊನೆ ದೂರ ಸರಿಯುತ್ತದೆ. ಇನ್ನೊಂದು ಅನುಕೂಲವಿದೆ: ಗಂಡಸರೂ ಗಡ್ಡ ತೆಗೆಸಿಕೊಳ್ಳುವುದುಂಟು, ಹಾಗಾಗಿ ಮನೆಯಲ್ಲಿ, ಕಚೇರಿಯಲ್ಲಿ ಇನ್ನೂ ಏನನ್ನೂ ಹೇಳದವರು ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಗಡ್ಡ ನರೆಯತೊಡಗಿದ್ದರೆ ಇನ್ನೂ ಬೇಗ ಹೊರಡಿ. ಕಾರಣ ಮುಂದಿನ ಉತ್ತರದಲ್ಲಿದೆ.

ದನಿಯ ಅಭ್ಯಾಸಕ್ಕೆ ದುಡ್ಡೂ ಬೇಡ, ಯಾರ ಒಪ್ಪಿಗೆಯೂ ಬೇಡ. ಅದನ್ನು ಗಡ್ಡದ ಜೊತೆಜೊತೆಗೇ ನಡೆಸಬಹುದು.

ಲೇಸರ್ ಒಳ್ಳೆಯದೋ, ಎಲೆಕ್ಟ್ರಾಲಿಸಿಸ್ ಒಳ್ಳೆಯದೋ?

ಬಹುತೇಕರಿಗೆ ಎರಡೂ ಬೇಕಾಗುತ್ತವೆ, ಒಂದರ ನಂತರ ಇನ್ನೊಂದು. ಏಕೆಂದು ತಿಳಿಯಲು ಅವು ಕೆಲಸ ಮಾಡುವ ಬಗೆ ಗೊತ್ತಿರಬೇಕು.

ಲೇಸರ್ ಬೆಳಕು ಹುಡುಕುವುದು ಕಪ್ಪು ಬಣ್ಣವನ್ನು. ಕೂದಲಿನಲ್ಲಿರುವ ಮೆಲನಿನ್ ಆ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ಬುಡಕ್ಕೆ ಹರಿದು ಅದನ್ನು ಹಾಳು ಮಾಡುತ್ತದೆ. ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು 1983ರಲ್ಲಿ ಈ ತತ್ವವನ್ನು ವಿವರಿಸಿದರು. ದಪ್ಪ ಕಪ್ಪು ಕೂದಲು ಲೇಸರ್‌ಗೆ ಚೆನ್ನಾಗಿ ಬಗ್ಗುವುದೂ, ಬಿಳಿ, ನರೆತ, ಕೆಂಚು ಕೂದಲಿನ ಮೇಲೆ ಅದು ಬಹುಮಟ್ಟಿಗೆ ಸೋಲುವುದೂ ಇದೇ ಕಾರಣಕ್ಕೆ. ಒಂದೇ ಭೇಟಿಯಲ್ಲಿ ಇಡೀ ಮುಖದ ಮೇಲೆ ಲೇಸರ್ ಹಾಯಿಸಬಹುದು, ಮೊದಲ ಕೆಲವು ಸುತ್ತುಗಳಲ್ಲೇ ಗಡ್ಡ ಎದ್ದುಕಾಣುವಂತೆ ತೆಳುವಾಗುತ್ತದೆ.

ಎಲೆಕ್ಟ್ರಾಲಿಸಿಸ್‌ಗೆ ಬಣ್ಣದ ಹಂಗಿಲ್ಲ. ಕೂದಲಿಗಿಂತ ಸಣ್ಣ ಸೂಜಿಯನ್ನು ಒಂದೊಂದೇ ಬುಡಕ್ಕೆ ಇಳಿಸಿ ವಿದ್ಯುತ್ ಹರಿಸುತ್ತಾರೆ. ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ 1875ರಲ್ಲಿ ಇದನ್ನು ಬಳಸಿದ್ದನ್ನು ವರದಿ ಮಾಡಿದರು. ಇಂದಿಗೂ ಇದು ಮಾತ್ರ ಕೂದಲನ್ನು ಶಾಶ್ವತವಾಗಿ ತೆಗೆಯುವ ವಿಧಾನ ಎನ್ನಿಸಿಕೊಳ್ಳುತ್ತದೆ. ಲೇಸರ್‌ನದು ಶಾಶ್ವತವಾದ ಇಳಿಕೆ ಮಾತ್ರ. ಆದರೆ ಗಡ್ಡದಲ್ಲಿರುವುದು ಸಾವಿರಾರು ಕೂದಲು. ಇಡೀ ಮುಖವನ್ನು ಸೂಜಿಯಿಂದಲೇ ಮುಗಿಸಲು ಹೊರಟರೆ ನೂರಾರು ಗಂಟೆ ಕುರ್ಚಿಯಲ್ಲಿ ಮಲಗಬೇಕಾಗುತ್ತದೆ.

ಆದ್ದರಿಂದ ಕೂದಲು ಕಪ್ಪಗಿದ್ದರೆ ಮೊದಲು ಲೇಸರ್‌ನಿಂದ ಕಾಡು ಕಡಿಯಿರಿ, ಉಳಿದ ಬಿಳಿ ಮತ್ತು ಹಟಮಾರಿ ಕೂದಲನ್ನು ಸೂಜಿಗೆ ಬಿಡಿ. ಗಡ್ಡ ಪೂರ್ತಿ ನರೆತಿದ್ದರೆ ಲೇಸರ್‌ಗೆ ಹಣ ಸುರಿಯದೆ ನೇರವಾಗಿ ಎಲೆಕ್ಟ್ರಾಲಿಸಿಸ್‌ಗೆ ಹೋಗಿ.

ಎಲೆಕ್ಟ್ರಾಲಿಸಿಸ್ ಮಾಡುವವರ ಕೈ ಪಳಗಿದೆಯೇ ಎಂದು ನೀವೇ ಕಂಡುಕೊಳ್ಳಬಹುದು. ಬುಡ ಸರಿಯಾಗಿ ಸತ್ತಿದ್ದರೆ, ಚಿಮಟ ಹಿಡಿದು ಎತ್ತಿದಾಗ ಕೂದಲು ಸ್ವಲ್ಪವೂ ಎಳೆತವಿಲ್ಲದೆ ಜಾರಿ ಬರುತ್ತದೆ. ಪ್ರತಿ ಕೂದಲಿಗೂ ಚುರುಕ್ ಎಂದು ಕಿತ್ತ ಅನುಭವವಾಗುತ್ತಿದ್ದರೆ ಬರೀ ಕೀಳಿಸಿಕೊಳ್ಳುತ್ತಿದ್ದೀರಿ ಎಂದು ಅರ್ಥ. ಸಂಕೋಚಪಡದೆ ಅಲ್ಲೇ ಹೇಳಿ.

ನನ್ನ ಮೈಬಣ್ಣ ಕಪ್ಪು. ಲೇಸರ್ ಸುಡುವುದಿಲ್ಲವೇ?

ತಪ್ಪು ಯಂತ್ರ ಬಳಸಿದರೆ ಸುಡುತ್ತದೆ. ಮೆಲನಿನ್ ಚರ್ಮದಲ್ಲೂ ಇರುವುದರಿಂದ ಬೆಳಕು ಕೂದಲನ್ನು ಬಿಟ್ಟು ಚರ್ಮವನ್ನೇ ಬಿಸಿ ಮಾಡಬಹುದು. ಗುಳ್ಳೆ, ಕಪ್ಪು ಕಲೆ, ಕೆಲವೊಮ್ಮೆ ಬಿಳಿ ಕಲೆ ಉಳಿಯುತ್ತದೆ. ಬೆಳಕಿನ ತರಂಗಾಂತರ ಹೆಚ್ಚಿದಷ್ಟೂ ಮೆಲನಿನ್ ಅದನ್ನು ಹೀರುವುದು ಕಡಿಮೆ, ಮತ್ತು ಅದು ಆಳಕ್ಕೆ ಇಳಿಯುತ್ತದೆ. 755 ನ್ಯಾನೋಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್ ಎಂಬ ಲೇಸರ್ ಬಿಳಿ ಚರ್ಮಕ್ಕೆ ಹೊಂದುತ್ತದೆ. 800–810ರ ಡಯೋಡ್ ನಡುವಿನದು. 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ. ಚರ್ಮರೋಗ ತಜ್ಞರು ಚರ್ಮವನ್ನು ಫಿಟ್ಸ್‌ಪ್ಯಾಟ್ರಿಕ್ ಮಾನದಂಡದಲ್ಲಿ ಒಂದರಿಂದ ಆರರವರೆಗೆ ವಿಂಗಡಿಸುತ್ತಾರೆ, ಒಂದು ಅತಿ ಬಿಳಿ, ಆರು ಅತಿ ಕಪ್ಪು. ಐದು ಮತ್ತು ಆರನೇ ಬಗೆಯವರು 1064 ಬಿಟ್ಟು ಬೇರೆಯದಕ್ಕೆ ಮುಖ ಒಡ್ಡದಿರುವುದು ಲೇಸು ಎಂಬುದು ನನ್ನ ನಿಲುವು.

ಹಣ ಕಟ್ಟುವ ಮೊದಲು ಮೂರು ವಿಷಯ ಕೇಳಿ: ಯಂತ್ರ ಯಾವುದು, ತರಂಗಾಂತರ ಎಷ್ಟು, ನನ್ನಂಥ ಬಣ್ಣದವರಿಗೆ ಎಷ್ಟು ಜನಕ್ಕೆ ಮಾಡಿದ್ದೀರಿ. ಅದು ಐಪಿಎಲ್ ಎಂಬ ಮಿಂಚುಬೆಳಕಿನ ಯಂತ್ರವಾಗಿದ್ದು ಲೇಸರ್ ಎಂದು ಹೆಸರಿಟ್ಟಿದ್ದರೆ ಎದ್ದು ಬನ್ನಿ. ಕಿವಿಯ ಕೆಳಗೆ ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ಕೆಲವು ದಿನ ನೋಡಿದ ಮೇಲೆಯೇ ಇಡೀ ಮುಖಕ್ಕೆ ಕೈ ಹಾಕುವವರು ನಂಬಿಕಸ್ಥರು.

ಇನ್ನೊಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಕೆಲವರಲ್ಲಿ ಲೇಸರ್ ಬಿದ್ದ ಜಾಗದಲ್ಲೋ ಅದರ ಅಂಚಿನಲ್ಲೋ ನವಿರು ಕೂದಲು ದಪ್ಪಗಾಗಿ ಬೆಳೆಯುವುದುಂಟು. ಮುಖ ಮತ್ತು ಕತ್ತಿನಲ್ಲಿ, ಕಪ್ಪು ಮೈಬಣ್ಣದವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಕೆನ್ನೆಯ ಮೇಲ್ಭಾಗದಲ್ಲಿ ಬರೀ ನವಿರು ಕೂದಲಿದ್ದರೆ ಅಲ್ಲಿಗೆ ಲೇಸರ್ ಬೇಡ ಎಂದು ಸ್ಪಷ್ಟವಾಗಿ ಹೇಳಿ.

ಎಷ್ಟು ಸಲ ಹೋಗಬೇಕು?

ಕೂದಲಿಗೆ ಬೆಳೆಯುವ, ನಿಲ್ಲುವ, ವಿಶ್ರಮಿಸುವ ಮೂರು ಅವಸ್ಥೆಗಳಿವೆ. ಬೆಳೆಯುತ್ತಿರುವ ಕೂದಲಿಗಷ್ಟೇ ಲೇಸರ್ ತಾಗುತ್ತದೆ, ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ. ಆದ್ದರಿಂದ ಮುಖಕ್ಕೆ ನಾಲ್ಕರಿಂದ ಎಂಟು ವಾರಗಳಿಗೊಮ್ಮೆ ಹೋಗಬೇಕು. ಆರೆಂಟು ಸುತ್ತು ಕನಿಷ್ಠ, ಗಟ್ಟಿ ಗಡ್ಡಕ್ಕೆ ಹತ್ತು ದಾಟುವುದು ಸಾಮಾನ್ಯ. ವಾರಕ್ಕೊಮ್ಮೆ ಬಂದರೆ ಬೇಗ ಮುಗಿಯುತ್ತದೆ ಎನ್ನುವವರು ನಿಮ್ಮ ಹಣವನ್ನು ಬೇಗ ಮುಗಿಸುತ್ತಾರೆ. ಎಲೆಕ್ಟ್ರಾಲಿಸಿಸ್‌ಗೆ ಒಂದೂವರೆಯಿಂದ ಮೂರು ವರ್ಷ ಇಟ್ಟುಕೊಳ್ಳಿ: ಆರಂಭದಲ್ಲಿ ವಾರವಾರ, ಆಮೇಲೆ ಅಪರೂಪಕ್ಕೆ.

ಹೋಗುವ ಮುಂಚೆ ಏನು ಮಾಡಬೇಕು, ಏನು ಮಾಡಬಾರದು?

ಲೇಸರ್‌ಗೆ ಬುಡದಲ್ಲಿ ಕೂದಲಿರಬೇಕು, ಚರ್ಮದ ಮೇಲೆ ಇರಬಾರದು. ಆದ್ದರಿಂದ ಹಿಂದಿನ ದಿನ ನುಣ್ಣಗೆ ಶೇವ್ ಮಾಡಿ. ಅದಕ್ಕೆ ಮೊದಲಿನ ನಾಲ್ಕರಿಂದ ಆರು ವಾರ ಕೀಳುವುದು, ವ್ಯಾಕ್ಸಿಂಗ್, ಥ್ರೆಡಿಂಗ್ ಎಲ್ಲವೂ ನಿಷಿದ್ಧ. ಎಲೆಕ್ಟ್ರಾಲಿಸಿಸ್‌ಗೆ ಇದಕ್ಕೆ ತದ್ವಿರುದ್ಧ: ಚಿಮಟಕ್ಕೆ ಸಿಗುವಷ್ಟು, ಎರಡು ಮೂರು ದಿನದ ಬೆಳೆ ಬಿಡಬೇಕು. ಆ ಎರಡು ಮೂರು ದಿನ ಹೊರಗೆ ಮುಖ ತೋರಿಸುವುದು ಅನೇಕರಿಗೆ ಸೂಜಿಗಿಂತ ಹೆಚ್ಚಿನ ಹಿಂಸೆ. ಮುಖಗವಸು ಹಾಕಿ, ಅಥವಾ ಒಂದು ಸಲಕ್ಕೆ ಮೇಲ್ದುಟಿ, ಇನ್ನೊಂದು ಸಲಕ್ಕೆ ಗಲ್ಲ ಎಂದು ಭಾಗ ಮಾಡಿಕೊಂಡು ಉಳಿದದ್ದನ್ನು ಬೋಳಿಸಿ. ಬೋಳಿಸಿದರೆ ಕೂದಲು ದಪ್ಪಗಾಗುತ್ತದೆ ಎಂಬುದು ಸುಳ್ಳು, ನಿಶ್ಚಿಂತೆಯಿಂದ ಬೋಳಿಸಿ.

ಬಿಸಿಲಿನಿಂದ ಮುಖ ಕಾಪಾಡಿ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ದಿನವೂ ಹಚ್ಚಿ. ರೆಟಿನಾಲ್‌ನಂಥ ಮುಲಾಮುಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಿ. ಮೊಡವೆಗೆ ಐಸೋಟ್ರೆಟಿನೊಯಿನ್ ಮಾತ್ರೆ ನುಂಗುತ್ತಿದ್ದರೆ, ತುಟಿಯ ಮೇಲೆ ಆಗಾಗ ಹರ್ಪಿಸ್ ಗುಳ್ಳೆ ಏಳುತ್ತಿದ್ದರೆ, ಬಿಸಿಲಿಗೆ ಚರ್ಮವನ್ನು ನಾಜೂಕಾಗಿಸುವ ಯಾವುದೇ ಔಷಧ ಸೇವಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಿ.

ನೋವು ತಡೆಯಲು ಸಾಧ್ಯವೇ?

ನೋವಿದೆ ಎಂಬುದನ್ನು ಮರೆಮಾಚುವುದಿಲ್ಲ. ಲೇಸರ್‌ನಲ್ಲಿ ಒಂದೊಂದು ಹೊಡೆತಕ್ಕೂ ಸುರ್ರೆಂದು ಬಿಸಿ ಚುಚ್ಚುತ್ತದೆ, ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಮೇಲ್ದುಟಿಯ ಮಧ್ಯಭಾಗ, ಮೂಗಿನ ಕೆಳಗಿನ ಆ ಸಣ್ಣ ತಗ್ಗು, ಎಲ್ಲಕ್ಕಿಂತ ಕಷ್ಟದ ಜಾಗ. ಕಣ್ಣಲ್ಲಿ ತಾನಾಗಿ ನೀರು ಬರುತ್ತದೆ. ಮೊದಲ ಸುತ್ತೇ ಹೆಚ್ಚು ನೋವಿನದು, ಕೂದಲು ಕಡಿಮೆಯಾದಂತೆ ನೋವೂ ಇಳಿಯುತ್ತದೆ. ಮರಗಟ್ಟಿಸುವ ಲಿಡೊಕೇಯ್ನ್ ಮುಲಾಮು ಸಹಾಯ ಮಾಡುತ್ತದೆ, ಆದರೆ ಹೇಳಿದ ಪ್ರಮಾಣ ಮೀರಬೇಡಿ. ಮುಖ, ಕತ್ತು ತುಂಬ ಬಳಿದು ಪ್ಲಾಸ್ಟಿಕ್ ಸುತ್ತಿ ಗಂಟೆಗಟ್ಟಲೆ ಕೂತರೆ ಔಷಧ ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ ತರಬಹುದು.

ಲೇಸರ್ ಆಗಿ ವಾರವಾಯಿತು, ಗಡ್ಡ ಮತ್ತೆ ಬರುತ್ತಿದೆಯಲ್ಲ?

ಅದು ಬರುತ್ತಿರುವುದಲ್ಲ, ಹೋಗುತ್ತಿರುವುದು. ಸತ್ತ ಕೂದಲನ್ನು ಚರ್ಮ ಒಂದರಿಂದ ಮೂರು ವಾರಗಳಲ್ಲಿ ಹೊರಗೆ ತಳ್ಳುತ್ತದೆ. ಮುಖ ತೊಳೆದು ಒರೆಸಿದಾಗ ಟವೆಲಿನ ಮೇಲೆ ಕರಿ ಚುಕ್ಕೆಗಳು ಉಳಿಯುತ್ತವೆ. ಉಗುರಿನಿಂದ ಕೆರೆಯಬೇಡಿ, ಚಿಮಟ ಹಿಡಿಯಬೇಡಿ.

ಅಲ್ಲಿಯವರೆಗೆ ಗಡ್ಡದ ನೀಲಿ ನೆರಳನ್ನು ಹೇಗೆ ಮುಚ್ಚಲಿ?

ಫೌಂಡೇಶನ್‌ಗೆ ಮೊದಲು ಕಿತ್ತಳೆ ಛಾಯೆಯ ಕಲರ್ ಕರೆಕ್ಟರ್ ತೆಳುವಾಗಿ ತಟ್ಟಿ. ಕಿತ್ತಳೆ ನೀಲಿಯನ್ನು ನುಂಗುತ್ತದೆ. ಮೈಬಣ್ಣ ಗಾಢವಾದಷ್ಟೂ ಕಿತ್ತಳೆಯೂ ಕೆಂಪಿನತ್ತ ವಾಲಬೇಕು. ಉಜ್ಜಬೇಡಿ, ತಟ್ಟಿ. ಆದರೆ ಲೇಸರ್ ಅಥವಾ ಸೂಜಿಯಾದ ಮರುದಿನದವರೆಗೂ ಮುಖಕ್ಕೆ ಯಾವ ಬಣ್ಣವೂ ಬೇಡ.

ಈಗ ದನಿ. ಶ್ರುತಿ ಏರಿಸಿದರೆ ಸಾಕಲ್ಲವೇ?

ಎಲ್ಲರೂ ಮೊದಲು ಹಿಡಿಯುವ ದಾರಿ ಅದೇ, ಅಲ್ಲಿಯೇ ಹೆಚ್ಚಿನವರು ಸೋತು ಕೈಬಿಡುತ್ತಾರೆ. ಗಂಡಸರ ಮಾತಿನ ಶ್ರುತಿ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸು, ಹೆಂಗಸರದು 165ರಿಂದ 250ರ ಆಸುಪಾಸು. ಆದರೆ ತಗ್ಗಿದ ದನಿಯ ಹೆಂಗಸರು ಎಷ್ಟೋ ಜನರಿದ್ದಾರೆ, ಅವರನ್ನು ಯಾರೂ ಗಂಡಸೆಂದು ತಿಳಿಯುವುದಿಲ್ಲ. ಶ್ರುತಿಯನ್ನು ಮಾತ್ರ ಮೇಲೆತ್ತಿದರೆ ಹುಸಿದನಿ ಬರುತ್ತದೆ, ಕೇಳುವವರಿಗೆ ನಟನೆ ಎನ್ನಿಸುತ್ತದೆ, ಗಂಟಲೂ ದಣಿಯುತ್ತದೆ.

ಕಿವಿ ನಿಜವಾಗಿ ಅಳೆಯುವುದು ಇನ್ನೆರಡನ್ನು. ಮೊದಲನೆಯದು ಅನುರಣನ. ಬಿಂದಿಗೆಗೆ ನೀರು ತುಂಬುವಾಗ ಒಳಗಿನ ಜಾಗ ಕಿರಿದಾದಂತೆ ಸದ್ದು ತೆಳುವಾಗುತ್ತಾ ಹೋಗುತ್ತದೆಯಲ್ಲ, ಇಲ್ಲಿಯೂ ಅದೇ. ಧ್ವನಿತಂತುವಿನಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 14. ಧ್ವನಿಪೆಟ್ಟಿಗೆಯನ್ನು ತುಸು ಮೇಲೆತ್ತಿ, ನಾಲಗೆಯನ್ನು ಮುಂದಕ್ಕೆ ಮೇಲಕ್ಕೆ ತಂದರೆ ಈ ಕೊಳವೆ ಕಿರಿದಾಗುತ್ತದೆ.

ಎರಡನೆಯದು ದನಿಯ ಭಾರ. ಧ್ವನಿತಂತುಗಳು ದಪ್ಪಗೆ, ಬಿಗಿಯಾಗಿ ಮುಚ್ಚಿ ತೆರೆದರೆ ಗುಂಯ್‌ಗುಡುವ ಭಾರದ ದನಿ. ಅಂಚುಗಳಷ್ಟೇ ಹಗುರಾಗಿ ಕೂಡಿದರೆ ನಯವಾದ ದನಿ. ಅನುರಣನ ಮತ್ತು ಭಾರ ಹದಕ್ಕೆ ಬಂದರೆ ಶ್ರುತಿ 170–180ರಲ್ಲಿದ್ದರೂ ಫೋನಿನ ಆಚೆಯವರು “ಹೇಳಿ ಮೇಡಂ” ಎನ್ನುತ್ತಾರೆ.

ಅಭ್ಯಾಸವನ್ನು ಹೇಗೆ ಶುರು ಮಾಡುವುದು?

ಮೊದಲು ಕಿವಿಯಿಂದ. ನಿಮಗೆ ಹಿಡಿಸುವ, ನಿಮ್ಮ ವಯಸ್ಸಿನ ಹೆಂಗಸರು ಸಹಜವಾಗಿ ಮಾತನಾಡುವುದನ್ನು ಗಮನವಿಟ್ಟು ಕೇಳಿ. ಈ ದನಿ ಭಾರವೋ ಹಗುರವೋ, ಹೊಳೆಯುತ್ತದೆಯೋ ಮಂಕಾಗಿದೆಯೋ ಎಂದು ಗುರುತಿಸುವುದನ್ನು ಕಲಿಯಿರಿ. ಕಿವಿಗೆ ಕೇಳಿಸದ ವ್ಯತ್ಯಾಸವನ್ನು ಗಂಟಲು ಮಾಡಲಾರದು.

ಆಮೇಲೆ ಗಂಟಲನ್ನು ಬೆಚ್ಚಗಾಗಿಸಿ. ತುಟಿಗಳನ್ನು ಬುರ್ರೆನಿಸುತ್ತಾ ಸ್ವರವನ್ನು ಮೇಲೆ ಕೆಳಗೆ ಜಾರಿಸುವುದು, ಸ್ಟ್ರಾ ಒಂದರ ಮೂಲಕ ಗುನುಗುವುದು, ಇವೆರಡೂ ಧ್ವನಿತಂತುವಿಗೆ ಹಿತ.

ಈಗ ಬೆರಳನ್ನು ಗಂಟಲಿನ ಉಬ್ಬಿನ ಮೇಲೆ ಇಟ್ಟು ಎಂಜಲು ನುಂಗಿ. ಉಬ್ಬು ಮೇಲೇರಿ ಇಳಿಯುವುದು ತಿಳಿಯುತ್ತದೆ. ನುಂಗುವಾಗಿನಷ್ಟು ಎತ್ತರ ಬೇಡ, ಅದರ ಅರ್ಧದಷ್ಟು ಸಾಕು. ದನಿ ಇಲ್ಲದೆ ಉಸಿರಿನಲ್ಲೇ “ಹಾ” ಎನ್ನಿ, ನಿಧಾನವಾಗಿ “ಹೀ” ಕಡೆಗೆ ಹೋಗಿ. ಉಸಿರಿನ ಸದ್ದೇ ತೆಳುವಾಗುವುದು ಕೇಳಿಸುತ್ತದೆ, ಶ್ರುತಿ ಎಂಬುದು ಅಲ್ಲಿ ಇಲ್ಲವೇ ಇಲ್ಲ. ನೀವು ಹುಡುಕುತ್ತಿರುವ ಅನುರಣನ ಅದು. “ಈ”ಯಲ್ಲಿ ನಾಲಗೆ ತಾನಾಗಿ ಮುಂದೆ ಬರುತ್ತದೆ, ಆದ್ದರಿಂದ ಅಲ್ಲಿಂದ ತೊಡಗಿ “ಏ”, “ಆ”, “ಊ” ಎಂದು ಸಾಗಿ. “ಊ”ನಲ್ಲಿ ಹೊಳಪು ಉಳಿಸಿಕೊಳ್ಳುವುದೇ ಕಷ್ಟ. ಭಾರ ಇಳಿಸಲು, ಎತ್ತರದ ಮೆದು ಸ್ವರದಲ್ಲಿ ಶುರು ಮಾಡಿ, ಆ ಹಗುರವನ್ನು ಬಿಟ್ಟುಕೊಡದೆ ಮೆಲ್ಲಗೆ ಮಾತಿನ ಶ್ರುತಿಗೆ ಇಳಿಯಿರಿ.

ಒಂದು ಸ್ವರ ಹಿಡಿದ ಮೇಲೆ ಪದ, ಪದದಿಂದ ವಾಕ್ಯ. ವಾಕ್ಯಗಳು ನಿಮ್ಮ ದಿನಬಳಕೆಯವೇ ಆಗಿರಲಿ: “ಹಲೋ, ಯಾರು ಮಾತನಾಡುವುದು?”, “ಒಂದು ನಿಮಿಷ ಇರಿ, ಬಂದೆ”. ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ಮಾಡುವುದು, ಭಾನುವಾರ ಒಂದೇ ಸಮನೆ ಎರಡು ಗಂಟೆ ಅರಚುವುದಕ್ಕಿಂತ ಎಷ್ಟೋ ಮೇಲು.

ನನ್ನ ದನಿಯನ್ನು ರೆಕಾರ್ಡ್ ಮಾಡಿ ಕೇಳಲು ಸಂಕಟವಾಗುತ್ತದೆ.

ಅದು ಬಹಳ ಜನರ ಸಂಕಟ, ಸಣ್ಣದೇನೂ ಅಲ್ಲ. ಆದರೆ ಮಾತನಾಡುವಾಗ ನಿಮ್ಮ ದನಿ ನಿಮಗೆ ತಲೆಬುರುಡೆಯ ಮೂಲಕವೂ ಕೇಳಿಸುವುದರಿಂದ ಅದು ಇರುವುದಕ್ಕಿಂತ ದಪ್ಪಗೆ ತೋರುತ್ತದೆ. ರೆಕಾರ್ಡಿಂಗ್ ಇಲ್ಲದೆ ದಾರಿ ತಿಳಿಯದು. ಇಡೀ ಮಾತು ಬೇಡ, ಒಂದೇ ವಾಕ್ಯ ರೆಕಾರ್ಡ್ ಮಾಡಿ. ಚೆನ್ನಾಗಿದೆಯೇ ಎಂದು ಕೇಳಿಕೊಳ್ಳಬೇಡಿ. ಭಾರ ಇಳಿದಿದೆಯೇ ಎಂಬ ಒಂದೇ ಪ್ರಶ್ನೆ ಕೇಳಿಕೊಳ್ಳಿ. ತಿಂಗಳಿಗೊಂದನ್ನು ದಿನಾಂಕ ಬರೆದು ಉಳಿಸಿ, ಉಳಿದವನ್ನು ಅಳಿಸಿಬಿಡಿ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎಲ್ಲಿ ಅಭ್ಯಾಸ ಮಾಡಲಿ?

ಗುನುಗುವುದಕ್ಕೆ, ಸ್ಟ್ರಾದಲ್ಲಿ ಊದುವುದಕ್ಕೆ, ಉಸಿರಿನ “ಹಾ–ಹೀ”ಗೆ ಹೆಚ್ಚು ಸದ್ದೇ ಬೇಕಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಒಬ್ಬರೇ ನಡೆಯುವಾಗ ಫೋನ್ ಕಿವಿಗಿಟ್ಟುಕೊಂಡು ಮಾಡಬಹುದು. ಪಿಸುಮಾತಿನಲ್ಲಿ ಮಾತ್ರ ದೀರ್ಘಕಾಲ ಅಭ್ಯಾಸ ಬೇಡ, ಅದು ಗಂಟಲನ್ನು ಒಣಗಿಸುತ್ತದೆ.

ಅಭ್ಯಾಸದ ನಂತರ ಗಂಟಲು ನೋಯುತ್ತದೆ. ಸಹಜವೇ?

ಹೊಸ ಸ್ನಾಯು ದುಡಿದ ಸಣ್ಣ ದಣಿವು ಸಹಜ. ನೋವು, ಉರಿ, ಕೆರೆತ, ದನಿ ಒಡೆಯುವುದು ಸಹಜವಲ್ಲ. ಅಂದು ಅಲ್ಲಿಗೇ ನಿಲ್ಲಿಸಿ. ಹೆಚ್ಚಿನವರು ಧ್ವನಿಪೆಟ್ಟಿಗೆ ಎತ್ತುವ ಭರದಲ್ಲಿ ಕತ್ತು, ದವಡೆ, ನಾಲಗೆಯ ಬುಡ ಎಲ್ಲವನ್ನೂ ಬಿಗಿಹಿಡಿದಿರುತ್ತಾರೆ. ನೀರು ಕುಡಿಯುತ್ತಿರಿ, ಹೊಗೆಯಿಂದ ದೂರವಿರಿ, ಎದೆಯುರಿ ಇದ್ದರೆ ಚಿಕಿತ್ಸೆ ಪಡೆಯಿರಿ, ಹುಳಿತೇಗು ಧ್ವನಿತಂತುವನ್ನೂ ಸುಡುತ್ತದೆ. ದನಿ ಎರಡು ಮೂರು ವಾರ ಕಟ್ಟಿಯೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು.

ಕೆಮ್ಮು, ಸೀನು, ನಗು ಬಂದಾಗ ಹಳೆಯ ದನಿ ಹೊರಬೀಳುತ್ತದೆ.

ಇವು ಕೊನೆಯಲ್ಲಿ ಬರುವ ಪಾಠಗಳು, ಆದರೆ ಪಾಠಗಳೇ. ಅನುರಣನ ರೂಢಿಯಾದ ಮೇಲೆ ಬೇಕೆಂದೇ ಕೆಮ್ಮಿ, ನಕ್ಕು, ದೂರದಲ್ಲಿರುವವರನ್ನು ಕೂಗಿ ಅಭ್ಯಾಸ ಮಾಡಿ. ಸಿಟ್ಟು ಮತ್ತು ನಿದ್ದೆಗಣ್ಣಿನ ಮಾತು ಎಲ್ಲಕ್ಕಿಂತ ತಡವಾಗಿ ಬದಲಾಗುತ್ತವೆ.

ಸ್ಪೀಚ್ ಥೆರಪಿಸ್ಟ್ ಬೇಕೇ ಬೇಕೇ?

ಇಲ್ಲದೆಯೂ ಸಾಧಿಸಿದವರಿದ್ದಾರೆ. ಸಿಕ್ಕರೆ ಬಿಡಬೇಡಿ, ಅದರಲ್ಲೂ ಟ್ರಾನ್ಸ್ ಮಹಿಳೆಯರಿಗೆ ಕಲಿಸಿದ ಅನುಭವವಿದ್ದವರನ್ನು. ತಿಂಗಳುಗಟ್ಟಲೆ ಒಂದೇ ಕಡೆ ಸಿಕ್ಕಿಕೊಂಡಿದ್ದರೆ ಹೊರಗಿನ ಕಿವಿ ಒಂದೇ ಭೇಟಿಯಲ್ಲಿ ಗಂಟು ಎಲ್ಲಿದೆ ಎಂದು ತೋರಿಸಬಲ್ಲದು. ಟ್ರಾನ್ಸ್ ಆರೋಗ್ಯಕ್ಕಾಗಿ ಇರುವ ಜಾಗತಿಕ ವೃತ್ತಿಪರ ಸಂಘ ಡಬ್ಲ್ಯೂಪಾತ್ 2022ರಲ್ಲಿ ಹೊರತಂದ ಎಂಟನೇ ಆವೃತ್ತಿಯ ಆರೈಕೆ ಮಾನದಂಡಗಳಲ್ಲಿ ದನಿ ಮತ್ತು ಸಂವಹನಕ್ಕೆ ಒಂದು ಅಧ್ಯಾಯವೇ ಇದೆ. ಇದು ಶೋಕಿ ಎಂದು ತಳ್ಳಿಹಾಕುವ ವೈದ್ಯರಿಗೆ ಅದನ್ನು ತೋರಿಸಿ.

ನನಗೆ ನನ್ನ ದನಿ ಇದ್ದಂತೆಯೇ ಇಷ್ಟ. ಬದಲಿಸಲೇಬೇಕೇ?

ಬೇಡ. ದಪ್ಪ ದನಿಯಿಂದ ಯಾರ ಹೆಣ್ತನವೂ ಕಡಿಮೆಯಾಗುವುದಿಲ್ಲ. ಕೆಲವರು ಕೆಲಸದ ಜಾಗದಲ್ಲೊಂದು, ಗೆಳತಿಯರ ನಡುವೆ ಇನ್ನೊಂದು ದನಿಯನ್ನು ಇಟ್ಟುಕೊಳ್ಳುತ್ತಾರೆ, ಅದೂ ಸರಿಯೇ. ಅಭ್ಯಾಸ ಮಾಡಿದರೆ ಹಳೆಯ ದನಿ ಕಳೆದುಹೋಗುವುದೂ ಇಲ್ಲ. ಬೇಕೆಂದಾಗ ಅದು ಸಿಗುತ್ತದೆ, ಬಳಸದಿದ್ದರೆ ತುಸು ಒರಟಾಗುತ್ತದೆ ಅಷ್ಟೆ.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಈ ಶ್ರಮವೆಲ್ಲ ತಪ್ಪುತ್ತದೆಯಲ್ಲವೇ?

ತಪ್ಪುವುದಿಲ್ಲ. ಇಂದು ಹೆಚ್ಚಾಗಿ ಮಾಡುವುದು ವೆಂಡ್ಲರ್ ಗ್ಲಾಟೊಪ್ಲಾಸ್ಟಿ: ಧ್ವನಿತಂತುಗಳ ಮುಂಭಾಗವನ್ನು ಒಟ್ಟಿಗೆ ಹೊಲಿದು ಕಂಪಿಸುವ ಉದ್ದವನ್ನು ಕಡಿಮೆ ಮಾಡುತ್ತಾರೆ. ಶ್ರುತಿ ಏರುತ್ತದೆ, ಆದರೆ ಬಾಯಿ, ಗಂಟಲಿನ ಕೊಳವೆ ಇದ್ದಷ್ಟೇ ಇರುತ್ತದೆ, ಅನುರಣನವನ್ನು ಕಲಿತೇ ಗಳಿಸಬೇಕು. ದನಿಯ ಗಟ್ಟಿತನ ಮತ್ತು ಹಾಡುವ ವ್ಯಾಪ್ತಿ ಕುಗ್ಗಬಹುದು, ಮೊದಲ ಕೆಲವು ದಿನ ಪೂರ್ತಿ ಮೌನ ಬೇಕು, ನಂತರ ಮತ್ತೆ ತರಬೇತಿ. ಅಭ್ಯಾಸ ಮಾಡಿಯೂ ಶ್ರುತಿ ನಿಲ್ಲದವರಿಗೆ ಇದು ಒಳ್ಳೆಯ ಆಯ್ಕೆ. ಅಭ್ಯಾಸವನ್ನೇ ಶುರು ಮಾಡದವರು ಅವಸರಪಡಬಾರದು ಎನ್ನುತ್ತೇನೆ.

ಗಂಟಲಿನ ಉಬ್ಬನ್ನು ಕೆತ್ತಿ ಸಣ್ಣದು ಮಾಡುವುದು ಬೇರೆಯೇ ಶಸ್ತ್ರಚಿಕಿತ್ಸೆ. ಅದರಿಂದ ಕತ್ತಿನ ಆಕಾರ ಬದಲಾಗುತ್ತದೆ, ದನಿ ಬದಲಾಗುವುದಿಲ್ಲ. ಅತಿಯಾಗಿ ಕೆತ್ತಿದರೆ ಧ್ವನಿತಂತುಗಳು ಅಂಟಿರುವ ಜಾಗಕ್ಕೇ ಪೆಟ್ಟಾಗಿ ದನಿ ಇನ್ನಷ್ಟು ತಗ್ಗಬಹುದು. ಆ ಜಾಗವನ್ನು ಶಸ್ತ್ರಚಿಕಿತ್ಸೆಯ ವೇಳೆ ಹೇಗೆ ಗುರುತಿಸಿಕೊಳ್ಳುತ್ತೀರಿ ಎಂದು ವೈದ್ಯರನ್ನು ಮೊದಲೇ ಕೇಳಿ.